ಅರವತ್ತರ ಮೊಣಕಾಲು

ಸೇವೆಯಿಂದ ನಿವೃತ್ತನಾಗುವ ದಿನ ಮನುಷ್ಯನಿಗೆ ಸಲ್ಲುವ ಮರ್ಯಾದೆ, ಮದುವೆಯ ದಿನವನ್ನು ಬಿಟ್ಟರೆ ಬೇರೆ ಯಾವ ದಿನವೂ ಸಲ್ಲುವುದಿಲ್ಲ. ಅಂದಿನಂತೆಯೇ ಹಾರ, ಅಂದಿನಂತೆಯೇ ಶಾಲು, ಹಣ್ಣುಹಂಪಲು, ಛಾಯಾಚಿತ್ರ, ಸಿಹಿಯೂಟ. ವ್ಯತ್ಯಾಸ ಒಂದೇ. ಮದುವೆಗೆ ಮುಂಚೆ ವರನ ಗುಣಗಳನ್ನು ನಾಲ್ಕು ಕಡೆ ವಿಚಾರಿಸಿರುತ್ತಾರೆ. ನಿವೃತ್ತನ ಗುಣಗಳು ಮಾತ್ರ ಸಭೆಯಲ್ಲಿಯೇ ಮೊದಲ ಬಾರಿಗೆ ಬೆಳಕಿಗೆ ಬರುತ್ತವೆ. ಮೂವತ್ತು ವರ್ಷ ಪಕ್ಕದ ಕುರ್ಚಿಯಲ್ಲಿ ಕುಳಿತವರು ಅಂದು ಎದ್ದು ನಿಂತು, "ಇವರಂಥವರು ಇನ್ನು ಸಿಗಲಾರರು" ಎಂದು ಗದ್ಗದಿತರಾಗುತ್ತಾರೆ. ಮರುದಿನ ಬೆಳಗಾಗುತ್ತದೆ. ಹಾರ ಗೋಡೆಯ ಮೊಳೆಯಲ್ಲಿ ಬಾಡಿರುತ್ತದೆ. ಎಂಟು ಗಂಟೆ ಬಡಿಯುತ್ತದೆ. ಹೋಗಬೇಕಾದ ಸ್ಥಳವೊಂದೂ ಇರುವುದಿಲ್ಲ.

ಆ ಎಂಟು ಗಂಟೆಗೆ ಸಿದ್ಧತೆ ಮಾಡಿಕೊಳ್ಳುವವರು ವಿರಳ. ಮಾಡಿಕೊಂಡವರ ಸಿದ್ಧತೆಯೂ ಬಹುಮಟ್ಟಿಗೆ ಹಣದ ಲೆಕ್ಕದಲ್ಲಿ ಆರಂಭವಾಗಿ ಹಣದ ಲೆಕ್ಕದಲ್ಲಿಯೇ ಮುಗಿಯುತ್ತದೆ. ಭವಿಷ್ಯನಿಧಿ ಇಷ್ಟು, ವಿಮೆ ಇಷ್ಟು, ವಿಶ್ರಾಂತಿ ವೇತನ ಇಷ್ಟು, ಹೀಗೆ ಕೂಡಿಸಿ ಕೆಳಗೆ ಎರಡು ಗೆರೆ ಎಳೆದು ನಿಟ್ಟುಸಿರು ಬಿಡುತ್ತಾರೆ. ಆ ಎರಡು ಗೆರೆಗಳ ಕೆಳಗೆ ಬರೆಯದೆ ಉಳಿದುದೇನು ಎಂಬುದನ್ನು ತಿಳಿಯಬೇಕಾದರೆ ವಿಟ್ಲದ ಕಡೆಗೊಮ್ಮೆ ಹೋಗಿಬರಬೇಕು.

ವಿಟ್ಲ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಪೇಟೆ. ಪಂಚಲಿಂಗೇಶ್ವರನ ದೇವಾಲಯ, ಒಂದು ಕಾಲಕ್ಕೆ ಸೀಮೆಯನ್ನಾಳಿದ ಡೊಂಬ ಹೆಗ್ಗಡೆಯವರ ಅರಮನೆ, ಇವು ಅದರ ಹಳೆಯ ಹೆಮ್ಮೆಗಳು. ಪೇಟೆಯನ್ನು ಬಿಟ್ಟು ಯಾವ ದಿಕ್ಕಿಗೆ ನಾಲ್ಕು ಹೆಜ್ಜೆ ಇಟ್ಟರೂ ಕಣ್ಣಿಗೆ ಬೀಳುವುದು ಅಡಿಕೆಯ ತೋಟ. ಅಡಿಕೆಯ ಸಂಶೋಧನೆಗೆಂದೇ 1956ರಲ್ಲಿ ಇಲ್ಲಿ ಒಂದು ಕೇಂದ್ರ ಸ್ಥಾಪನೆಯಾಯಿತು. ಅದು 1970ರಲ್ಲಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಅಂಗವಾಗಿ ಇಂದಿಗೂ ನಡೆದಿದೆ.

ನಿವೃತ್ತಿಯ ಪಾಠವನ್ನು ಅಡಿಕೆಯ ಮರದಷ್ಟು ಚೆನ್ನಾಗಿ ಬೋಧಿಸುವ ಗುರು ಮತ್ತೊಬ್ಬನಿಲ್ಲ. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು ಐನೂರ ನಲವತ್ತು ಸಸಿಗಳು ಹಿಡಿಯುತ್ತವೆ. ಮೊದಲ ಐದಾರು ವರ್ಷ ಅವುಗಳಿಂದ ಬರುವುದು ಏನೂ ಇಲ್ಲ; ಅವುಗಳಿಗೆ ಹೋಗುವುದು ಎಲ್ಲವೂ. ಗೊಬ್ಬರ ಬೇಕು, ನೀರು ಬೇಕು, ನೆರಳಿಗೆ ಬಾಳೆ ಬೇಕು. ಮೈಮೇಲೆ ಬೀಳುವ ನೈಋತ್ಯದ ಬಿಸಿಲಿಗೆ ಎಳೆಯ ಕಾಂಡ ಸುಟ್ಟುಹೋಗದಂತೆ ಸೋಗೆ ಸುತ್ತಿ ಕಟ್ಟಬೇಕು. ಹತ್ತನೆಯ ವರ್ಷದ ಹೊತ್ತಿಗೆ ಮರ ಕೈತುಂಬ ಕೊಡತೊಡಗುತ್ತದೆ. ಒಮ್ಮೆ ಕೊಡಲು ತೊಡಗಿತೆಂದರೆ ದಶಕಗಳ ಕಾಲ ಕೊಡುತ್ತದೆ. ಮೂವತ್ತರಲ್ಲಿ ನೆಟ್ಟವನು ಅರವತ್ತರಲ್ಲಿ ಕುಳಿತು ಉಣ್ಣುತ್ತಾನೆ ಎಂಬ ನಂಬಿಕೆ ಈ ಸೀಮೆಯಲ್ಲಿ ಬೇರೂರಿದುದು ಇದರಿಂದಲೇ.

ಆ ನಂಬಿಕೆಯಿಂದಲೇ ವಿಟ್ಲದ ಸಮೀಪದ ಒಬ್ಬ ಶಾಲಾ ಮಾಸ್ತರರು 1999ರಲ್ಲಿ, ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ, ಮನೆಯ ಕೆಳಗಿನ ಒಂದು ಎಕರೆ ಗದ್ದೆಗೆ ಅಡಿಕೆಯ ಸಸಿ ಇಟ್ಟರು. ಸಹೋದ್ಯೋಗಿಗಳು ನಕ್ಕರು. ಸರಕಾರದ ಪೆನ್ಷನ್ ಇರುವ ಮನುಷ್ಯನಿಗೆ ತೋಟದ ಉಸಾಬರಿ ಏತಕ್ಕೆ ಎಂದರು. ಮಾಸ್ತರರು ಮಾತನಾಡಲಿಲ್ಲ. ಮನೆಯ ಕಪಾಟಿನಲ್ಲಿ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕವೊಂದಿತ್ತು. ಅದರಲ್ಲಿ 2024ನೆಯ ಇಸವಿಯ ಮೇ ತಿಂಗಳಿನವರೆಗೆ ಪ್ರತಿ ವರ್ಷಕ್ಕೂ ಒಂದೊಂದು ಪುಟ ಬಿಟ್ಟಿದ್ದರು.

ಗಣಿತ ಕಲಿಸುತ್ತಿದ್ದುದರಿಂದ ಮಾಸ್ತರರಿಗೆ ಬಡ್ಡಿಯ ಸ್ವಭಾವ ತಿಳಿದಿತ್ತು. ತಿಂಗಳಿಗೆ ಎರಡು ಸಾವಿರ ರೂಪಾಯಿಯಂತೆ ಮೂವತ್ತನೆಯ ವಯಸ್ಸಿನಿಂದ ಅರವತ್ತರವರೆಗೆ ಇಟ್ಟು, ಅದು ನೂರಕ್ಕೆ ಏಳರಂತೆ ಬೆಳೆಯುತ್ತ ಹೋಯಿತೆಂದರೆ ಕೊನೆಗೆ ಸುಮಾರು ಇಪ್ಪತ್ತನಾಲ್ಕು ಲಕ್ಷವಾಗುತ್ತದೆ. ಅಷ್ಟನ್ನೇ ನಲವತ್ತೈದರಿಂದ ಆರಂಭಿಸಿದವನ ಕೈಗೆ ಬರುವುದು ಆರೂಕಾಲು ಲಕ್ಷಕ್ಕೆ ತುಸು ಹೆಚ್ಚು. ಕಾಲ ಅರ್ಧವಾದರೆ ಫಲ ಕಾಲುಭಾಗವಾಗುತ್ತದೆ. ಸಸಿಯನ್ನು ತಡವಾಗಿ ನೆಟ್ಟವನಿಗೆ ಮರ ರಿಯಾಯಿತಿ ತೋರಿಸುವುದಿಲ್ಲ, ಬಡ್ಡಿಯೂ ತೋರಿಸುವುದಿಲ್ಲ.

ಬೆಲೆಯೇರಿಕೆಯ ಲೆಕ್ಕ ಇದಕ್ಕೆ ಮಗ್ಗುಲಿನ ಪುಟದಲ್ಲಿತ್ತು. ಸಾಮಾನುಗಳ ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ದುಪ್ಪಟ್ಟಾಗುತ್ತದೆ. ನಲವತ್ತರಲ್ಲಿ ತಿಂಗಳಿಗೆ ಇಪ್ಪತ್ತು ಸಾವಿರದಲ್ಲಿ ಸಾಗುವ ಸಂಸಾರಕ್ಕೆ ಅರವತ್ತರಲ್ಲಿ, ಅದೇ ಅನ್ನ ಅದೇ ಸಾರಿಗೆ, ಅರವತ್ತನಾಲ್ಕು ಸಾವಿರ ಬೇಕಾಗುತ್ತದೆ. ಇಂದಿನ ಖರ್ಚನ್ನು ನೋಡಿ ಮುಂದಿನ ಚೀಲ ಹೊಲಿಸುವವನು ಐದನೆಯ ತರಗತಿಯ ಹುಡುಗನ ಅಳತೆಗೆ ಮದುವೆಯ ಅಂಗಿ ಹೊಲಿಸಿದಂತೆ. ಮಾಸ್ತರರು ಹಳೆಯ ನಿಯಮದ ಪೆನ್ಷನ್ ಇದ್ದವರು. ತುಟ್ಟಿಭತ್ಯೆ ಏರುತ್ತದೆಂಬ ಧೈರ್ಯ ಅವರಿಗಿತ್ತು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದ ನೌಕರರಿಗೆ ಬಂದುದು ಸಂಬಳದಿಂದ ಕೂಡಿಟ್ಟ ನಿಧಿಯನ್ನೇ ನಂಬಿದ ಹೊಸ ಪಿಂಚಣಿ ವ್ಯವಸ್ಥೆ. ಖಾಸಗಿ ಕೆಲಸದವರ ಪಾಡನ್ನಂತೂ ಹೇಳಬೇಕಾಗಿಲ್ಲ. ಅವರೆಲ್ಲರೂ ತಮ್ಮ ತೋಟವನ್ನು ತಾವೇ ಇಡಬೇಕಾದವರು.

ಸಂಬಳ ಸಣ್ಣದು, ಉಳಿಸುವುದೇನನ್ನು ಎನ್ನುವವರಿಗೆ ಉತ್ತರ ಈ ಕರಾವಳಿಯಲ್ಲಿಯೇ ಇದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿಯೆಂಬುದನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಬಾಗಿಲಿಗೆ ಬಂದು ಎರಡಾಣೆಯನ್ನು ಪಡೆದು ಹೋಗುತ್ತಿದ್ದ. ದಿನಕ್ಕೆ ಎರಡಾಣೆಯಾದರೆ ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಕೂಡಿದ ಮೊತ್ತಕ್ಕಿಂತ ದೊಡ್ಡ ಸಂಗತಿ, ಹಣ ಖರ್ಚಾಗುವ ಮೊದಲೇ ಬಾಗಿಲಲ್ಲಿ ಒಬ್ಬ ನಿಂತಿರುತ್ತಿದ್ದನಲ್ಲ, ಅದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿಯೆಂಬ ಮಾತು ಮಾತ್ರ ಅಂಗಡಿಬೀದಿಗಳಲ್ಲಿ ಇನ್ನೂ ಜೀವಂತವಾಗಿದೆ.

ಮಾಸ್ತರರ ಸಸಿಗಳು ಬೆಳೆದುವು. 2006ರ ಸುಮಾರಿಗೆ ಮೊದಲ ಗೊನೆಗಳು ಬಂದಾಗ ಕೊಯ್ಯಲು ಒಂದು ಕೋಲು ಸಾಕಾಗಿತ್ತು. ಮಾಸ್ತರರೇ ಭಾನುವಾರ ಬೆಳಗ್ಗೆ ತಲೆಗೆ ಮುಂಡಾಸು ಸುತ್ತಿ ಗೊನೆ ಇಳಿಸುತ್ತಿದ್ದರು. ತೋಟ ಕಲಿಸಿದ ಇತರ ಪಾಠಗಳನ್ನೂ ಅವರು ತಪ್ಪದೆ ಕಲಿತರು. ಮಳೆಗಾಲದಲ್ಲಿ ಬರುವ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಬೀಳಬೇಕು. ಕಾಯಿ ಉದುರತೊಡಗಿದ ಮೇಲೆ ಹೊಡೆದ ಮದ್ದು ಮನಸ್ಸಿನ ಸಮಾಧಾನಕ್ಕೆ. ಆರೋಗ್ಯದ ವಿಮೆಯನ್ನು ಆರೋಗ್ಯವಿದ್ದಾಗಲೇ ಮಾಡಿಸಬೇಕೆಂಬುದನ್ನು ಅವರು ಯಾವ ಏಜೆಂಟನ ಬಾಯಿಂದಲೂ ಕೇಳಬೇಕಾಗಲಿಲ್ಲ.

ಒಂದೇ ಬೆಳೆಯನ್ನು ನಂಬಬಾರದೆಂಬುದು ಈ ಸೀಮೆ ಕಷ್ಟಪಟ್ಟು ಕಲಿತ ಪಾಠ. 1970ರ ದಶಕದ ಆದಿಯಲ್ಲಿ ಅಡಿಕೆಯ ಬೆಲೆ ನೆಲಕಚ್ಚಿ ಬೆಳೆಗಾರರು ದಿಕ್ಕೆಟ್ಟಾಗ, ವಿಟ್ಲದ ಬಳಿಯ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಮುಂದಾಗಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಬೆಳೆಗಾರರ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಅನಂತರ ಕೊಕ್ಕೊದ ಬೀಜಕ್ಕೂ ಕೊಳ್ಳುವವರಿಲ್ಲದ ಕಾಲ ಬಂದಿತು. ಆಗ ಆ ಸಂಸ್ಥೆಯೇ ಕೊಕ್ಕೊವನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನೇ ತೆರೆಯಿತು. ಇದನ್ನೆಲ್ಲ ಬಲ್ಲ ಮಾಸ್ತರರು ಅಡಿಕೆಯ ಮರಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿಸಿದರು. ನಡುವೆ ಕೊಕ್ಕೊ, ಅಂಚಿನಲ್ಲಿ ತೆಂಗು ಇಟ್ಟರು. ಒಣಗಿದ ಅಡಿಕೆಯನ್ನೂ ಒಂದೇ ಸಲ ಮಾರುತ್ತಿರಲಿಲ್ಲ. ಹಳೆಯ ಚಾಲಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಎಂದು ನಾಲ್ಕಾರು ಮೂಟೆಗಳನ್ನು ಅಟ್ಟದ ಮೇಲೆ ಉಳಿಸುತ್ತಿದ್ದರು. ಕೆಂಪು ರಟ್ಟಿನ ಪುಸ್ತಕದ ಎಲ್ಲ ಪುಟಗಳೂ ಒಂದೊಂದಾಗಿ ತುಂಬಿದುವು. ಮುಂದಾಲೋಚನೆಯ ಪರೀಕ್ಷೆ ಎಂಬುದೊಂದಿದ್ದರೆ ಮಾಸ್ತರರು ಮೊದಲ ದರ್ಜೆಯಲ್ಲಿ ತೇರ್ಗಡೆಯಾಗಬೇಕಿತ್ತು.

2024ರ ಮೇ ತಿಂಗಳ ಕೊನೆಯ ದಿನ ಹಾರ ಬಿತ್ತು, ಶಾಲು ಬಿತ್ತು. ಮರುದಿನ ಎಂಟು ಗಂಟೆಗೆ ಮಾಸ್ತರರು ನಿರುತ್ಸಾಹಗೊಳ್ಳದೆ ತೋಟಕ್ಕೆ ಇಳಿದರು. ಮಳೆಗೆ ಮುಂಚಿನ ಮದ್ದು ಇನ್ನೂ ಆಗಿರಲಿಲ್ಲ. ಮರದ ಬುಡದಲ್ಲಿ ನಿಂತು ತಲೆಯೆತ್ತಿದರು. ಇಪ್ಪತ್ತೈದು ವರ್ಷಗಳಲ್ಲಿ ಮರ ಎಲ್ಲಿಗೋ ಹೋಗಿತ್ತು. ಗೊನೆಯನ್ನು ನೋಡಲು ಕತ್ತನ್ನು ಪೂರ್ತಿ ಹಿಂದಕ್ಕೆ ಚೆಲ್ಲಬೇಕು. ಮರ ಪ್ರತಿ ವರ್ಷವೂ ಮೇಲಕ್ಕೆ ಹೋಗಿತ್ತು. ಮಾಸ್ತರರ ಮೊಣಕಾಲು ಪ್ರತಿ ವರ್ಷವೂ ಕೆಳಕ್ಕೆ ಬಂದಿತ್ತು. ಪುಸ್ತಕದಲ್ಲಿ ಎಲ್ಲದಕ್ಕೂ ಪುಟವಿತ್ತು, ಈ ಎರಡು ಬೆಳವಣಿಗೆಗಳಿಗೆ ಇರಲಿಲ್ಲ.

ಮರ ಏರುವವನೊಬ್ಬ ಇದ್ದ. ಹಿಂದೆಲ್ಲ ಒಂದು ಮರದ ತುದಿಯಲ್ಲಿ ತೂಗಿ ಇನ್ನೊಂದು ಮರಕ್ಕೆ ದಾಟಿ, ಕೆಳಗಿಳಿಯದೆ ಸಾಲನ್ನೇ ಮುಗಿಸುತ್ತಿದ್ದ ನಿಪುಣ. ಅವನಿಗೂ ಐವತ್ತೆಂಟಾಗಿತ್ತು. "ಇನ್ನು ನನ್ನಿಂದ ಆಗುವುದಿಲ್ಲ ಮಾಷ್ಟ್ರೇ, ಮಕ್ಕಳು ಮಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಅವರಿಗೆ ಇದು ಬೇಡವಂತೆ" ಎಂದ. ಅವನ ಮಕ್ಕಳಿಗೆ ಮರ ಬೇಡ. ಮಾಸ್ತರರ ಮಗನಿಗೂ ಮರ ಬೇಡ. ಬೆಂಗಳೂರಿನಿಂದ ಮಗ ಫೋನಿನಲ್ಲಿ ಹೇಳಿದ್ದೂ ಅದನ್ನೇ: "ಅಪ್ಪ, ತೋಟ ಮಾರಿ ಇಲ್ಲಿಗೆ ಬನ್ನಿ. ಲಿಫ್ಟಿದೆ, ಆಸ್ಪತ್ರೆ ಹತ್ತಿರವಿದೆ. ಯಾರಿಗಾಗಿ ಈ ಕಷ್ಟ?" ಅವನ ಮಾತಿನಲ್ಲಿ ಅಕ್ಕರೆಯಿತ್ತು, ನ್ಯಾಯವೂ ಇತ್ತು. ಮಾಸ್ತರರಿಗೆ ಉತ್ತರ ಹೊಳೆಯಲಿಲ್ಲ. ಆದುದರಿಂದ ಸಿಟ್ಟು ಬಂದಿತು.

ಆ ವರ್ಷದ ಕೊಯ್ಲನ್ನು ಹೇಗೋ ದುಬಾರಿ ಕೂಲಿ ಕೊಟ್ಟು, ಉದ್ದನೆಯ ದೋಟಿಯವರನ್ನು ಕರೆಸಿ ಮುಗಿಸಿದರು. ಹಣ್ಣಡಿಕೆ ಅಂಗಳಕ್ಕೆ ಬಂದು ಬಿತ್ತು. ಚಾಲಿಯಾಗಬೇಕಾದರೆ ಅದು ನಲವತ್ತು ನಲವತ್ತೈದು ದಿನ ಬಿಸಿಲಲ್ಲಿ ಒಣಗಬೇಕು. ದಿನವೂ ಕೆದಕಬೇಕು, ಮಗುಚಬೇಕು. ಮೋಡ ಕಂಡರೆ ಓಡಿಹೋಗಿ ಮುಚ್ಚಬೇಕು. ಒಣಗಿದ ಮೇಲೆ ಸುಲಿಸಿ, ಆರಿಸಿ ಬೇರೆ ಬೇರೆ ಮಾಡಬೇಕು. ಡಿಸೆಂಬರದ ಒಂದು ಸಂಜೆ ಅಕಾಲದ ಮೋಡ ಕವಿಯಿತು. ಮಾಸ್ತರರು ಜಗಲಿಯ ಆರಾಮಕುರ್ಚಿಯಲ್ಲಿ ವೃತ್ತಪತ್ರಿಕೆ ಓದುತ್ತಿದ್ದರು. ಅಂಗಳದಲ್ಲಿ ಅವರ ಹೆಂಡತಿ ಒಬ್ಬರೇ ಬಾಗಿ ಅಡಿಕೆಯನ್ನು ರಾಶಿ ಒಟ್ಟಿ ಮುಚ್ಚಿದರು. ಆಮೇಲೆ ಜಗಲಿಯ ಮೆಟ್ಟಿಲ ಮೇಲೆ ಕೈಯೂರಿ ಕುಳಿತು ತಮ್ಮ ಮೊಣಕಾಲನ್ನು ಒತ್ತಿಕೊಳ್ಳುತ್ತ, ಏನೂ ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು:

"ನಿಮಗೆ ಮೇ ತಿಂಗಳಲ್ಲಿ ನಿವೃತ್ತಿಯಾಯಿತು. ನನಗೆ ಯಾವಾಗ ಎಂದು ನಿಮ್ಮ ಪುಸ್ತಕದಲ್ಲಿ ಬರೆದಿದೆಯೆ?"

ಮಾಸ್ತರರು ಪತ್ರಿಕೆಯನ್ನು ಮಡಚಿದರು. ಮೂವತ್ತು ವರ್ಷ ತರಗತಿಯಲ್ಲಿ ಪ್ರಶ್ನೆ ಕೇಳಿದವರಿಗೆ ಇಂಥ ಪ್ರಶ್ನೆಯೊಂದು ಇದೆಯೆಂದೇ ತಿಳಿದಿರಲಿಲ್ಲ. ಅಂದು ರಾತ್ರಿ ಅವರು ಕೆಂಪು ರಟ್ಟಿನ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಆಳಿನ ಕೂಲಿ ಇತ್ತು, ಎತ್ತಿನ ಹಿಂಡಿ ಇತ್ತು, ಪಂಪಿನ ದುರಸ್ತಿ ಇತ್ತು. ಇಪ್ಪತ್ತೈದು ವರ್ಷ ಅಂಗಳದಲ್ಲಿ ಬಾಗಿದ ಬೆನ್ನಿನ ಹೆಸರು ಯಾವ ಪುಟದಲ್ಲಿಯೂ ಇರಲಿಲ್ಲ. ಕೂಲಿಯಿಲ್ಲದ ಕೆಲಸಕ್ಕೆ ಲೆಕ್ಕವಿಲ್ಲ, ಲೆಕ್ಕವಿಲ್ಲದ ಕೆಲಸಕ್ಕೆ ನಿವೃತ್ತಿಯಿಲ್ಲ. ನಗರದ ಮನೆಗಳಲ್ಲಿಯೂ ಇದಕ್ಕಿಂತ ಬೇರೆಯೇನಿಲ್ಲ. ಗಂಡ ನಿವೃತ್ತನಾದನೆಂದರೆ ಮನೆಯಲ್ಲಿ ಹಗಲಿನ ಕಾಫಿಯ ಸಂಖ್ಯೆ ಎರಡು ಹೆಚ್ಚುತ್ತದೆ. ಹೆಂಡತಿಯ ಪಾಲಿಗೆ ಅದು ನಿವೃತ್ತಿಯಲ್ಲ, ಬಡ್ತಿ.

ಈ ಮಾತು ನಡೆದ ಮನೆಯಿಂದ ಅಡ್ಯನಡ್ಕ ದೂರವೇನಲ್ಲ. ಅಲ್ಲಿನ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತಾಗ ಮಾಸ್ತರರು ಅವರ ಕಥೆಯನ್ನು ಮಕ್ಕಳಿಗೆ ತರಗತಿಯಲ್ಲಿ ಹೇಳಿದ್ದರು. ನಾಯ್ಕರು ಅನ್ಯರ ತೋಟಗಳಲ್ಲಿ ಅಡಿಕೆ, ತೆಂಗಿನ ಮರಗಳನ್ನು ಏರಿ ದುಡಿದವರು. ತಮಗೆ ದೊರೆತ ತುಂಡು ಭೂಮಿ ನೀರಿಲ್ಲದ ಬೋಳುಗುಡ್ಡ. ಹಗಲು ಕೂಲಿ ಮುಗಿಸಿ, ಉಳಿದ ಹೊತ್ತಿನಲ್ಲಿ ಒಬ್ಬರೇ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದರು. ನೀರು ಬರಲಿಲ್ಲ. ಇನ್ನೊಂದು ಕೊರೆದರು, ಅದೂ ಒಣಗಿತ್ತು. ವರ್ಷಗಳು ಕಳೆದುವು, ಒಂದಲ್ಲ ಹಲವು ಸುರಂಗಗಳು ವ್ಯರ್ಥವಾದುವು, ನೆರೆಯವರು ನಕ್ಕರು. ಕೊನೆಗೆ ನೀರು ಬಂದಿತು, ಬೋಳುಗುಡ್ಡ ತೋಟವಾಯಿತು.

ಸುರಂಗವೆಂಬುದು ಈ ಗಡಿಸೀಮೆಯ ಹಳೆಯ ವಿದ್ಯೆ. ಮುರಕಲ್ಲಿನ ಗುಡ್ಡವನ್ನು ಮನುಷ್ಯನೊಬ್ಬ ಒಳಹೊಗುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಒಳಗೆ ಒಸರುವ ನೀರು ಇಳಿಜಾರಿನಲ್ಲಿ ತಾನಾಗಿಯೇ ಹೊರಗೆ ಹರಿದುಬರುತ್ತದೆ. ಬಾವಿಯ ನೀರನ್ನು ಸೇದಬೇಕು, ಕೊಳವೆಬಾವಿಯದನ್ನು ವಿದ್ಯುತ್ತು ಎತ್ತಬೇಕು. ಸುರಂಗದ ನೀರಿಗೆ ಹಗ್ಗವೂ ಬೇಡ, ವಿದ್ಯುತ್ತೂ ಬೇಡ, ತೋಳೂ ಬೇಡ. ತೋಳಿನಲ್ಲಿ ಬಲವಿದ್ದಾಗ ಒಮ್ಮೆ ಕೊರೆದಿಟ್ಟರೆ ತೋಳು ಸೋತ ಮೇಲೂ ಬರುತ್ತಿರುತ್ತದೆ.

ಮಾಸ್ತರರ ಮನೆಯ ಹಿಂದೆಯೂ ಅಜ್ಜನ ಕಾಲದ ಒಂದು ಸುರಂಗವಿತ್ತು. ಪಂಪು ಬಂದ ಮೇಲೆ ಯಾರೂ ಆ ಕಡೆ ಹೋಗಿರಲಿಲ್ಲ. ಬಾಯಿ ತುಂಬ ಜರಿಗಿಡ ಬೆಳೆದಿತ್ತು. ನಾಯ್ಕರ ಕಥೆಯನ್ನು ನಲವತ್ತು ಮಕ್ಕಳಿಗೆ ಹೇಳಿದವರು ಮನೆಯ ಹಿಂದಿನ ಸುರಂಗವನ್ನು ಒಮ್ಮೆಯೂ ನೋಡಿರಲಿಲ್ಲ. ಅಂದು ಪುಸ್ತಕದ ಕೊನೆಯ ಪುಟದಲ್ಲಿ ಅವರು ನಡುವೆ ಒಂದು ಗೆರೆ ಎಳೆದು, ಎಡಕ್ಕೆ 'ಏರಿ ತರಬೇಕಾದುದು' ಎಂದೂ ಬಲಕ್ಕೆ 'ಹರಿದು ಬರುವುದು' ಎಂದೂ ಬರೆದರು. ಪೆನ್ಷನ್ನು, ಠೇವಣಿಯ ಬಡ್ಡಿ ಬಲಕ್ಕೆ ಬಿದ್ದುವು. ಮಿಕ್ಕುದೆಲ್ಲ ಎಡಕ್ಕೆ ಬಿತ್ತು: ಅಡಿಕೆಯ ಗೊನೆ, ಅಂಗಳದ ಒಣಗಾಟ, ವಿದ್ಯುತ್ತು ಹೋದ ದಿನಗಳ ಬಾವಿಯ ನೀರು, ಹಿತ್ತಿಲ ಕೊನೆಯಲ್ಲಿದ್ದ ಬಚ್ಚಲುಮನೆ, ಆರು ಮೆಟ್ಟಿಲು ಇಳಿಯಬೇಕಾದ ಅಡುಗೆಮನೆ. ಹಣ ಬಲಕ್ಕಿತ್ತು, ಬದುಕು ಎಡಕ್ಕಿತ್ತು. ಎಡದ್ದನ್ನು ಒಂದೊಂದಾಗಿ ಬಲಕ್ಕೆ ಸರಿಸುವುದೇ ಉಳಿದ ಕೆಲಸವೆಂದು ಅವರಿಗೆ ಮನವರಿಕೆಯಾಯಿತು. ಈ ಬಾರಿ ಪುಸ್ತಕವನ್ನು ಹೆಂಡತಿಯ ಮುಂದೆ ಇಟ್ಟು, ಮೊದಲು ಯಾವುದು ಎಂದು ಕೇಳಿದರು. "ನೀರು" ಎಂದರು ಅವರು.

ಸುರಂಗವನ್ನು ಶುಚಿಮಾಡಿಸಿದರು. ಸಣ್ಣ ಧಾರೆ ಇನ್ನೂ ಬರುತ್ತಿತ್ತು; ಕೊಳವೆ ಹಾಕಿಸಿ ಅದನ್ನು ಅಡುಗೆಮನೆಗೆ ತಂದರು. ಅಟ್ಟದ ಮೇಲಿನ ಹಳೆಯ ಚಾಲಿಯ ಮೂಟೆಗಳು ಕೊನೆಗೂ ಇಳಿದುವು. ಆ ಹಣದಲ್ಲಿ ಬಚ್ಚಲು ಮನೆಯೊಳಕ್ಕೆ ಬಂದಿತು, ಅಡುಗೆಮನೆಯ ನೆಲ ಜಗಲಿಯ ಸಮಕ್ಕೆ ಏರಿತು. ಮುಂದಿನ ಫಸಲನ್ನು ಒಣಗಿಸದೆ ಹಸಿಯಾಗಿಯೇ ಕೊಟ್ಟುಬಿಡುವುದೆಂದು ನಿಶ್ಚಯಿಸಿದರು. ಬರುವ ಹಣ ಕಡಿಮೆಯೆಂದು ನೆರೆಯವರು ಎಚ್ಚರಿಸಿದರು. ಕಡಿಮೆಯಾಗುವ ಹಣ ಎಷ್ಟೆಂದು ಮಾಸ್ತರರು ಪುಸ್ತಕದಲ್ಲಿ ಬರೆದು, ಅದರ ಎದುರಿಗೆ ಖರ್ಚಿನ ಬಾಬತ್ತಿನಲ್ಲಿ 'ಮನೆಯಾಕೆಯ ನಿವೃತ್ತಿ ವೇತನ' ಎಂದು ನಮೂದಿಸಿದರು.

ತೋಟವನ್ನು ಮಾರಲಿಲ್ಲ. ಮಗನಿಗೆ ಹಟದ ಉತ್ತರವನ್ನೂ ಕೊಡಲಿಲ್ಲ. ಮಳೆಗಾಲದಲ್ಲಿ ಎರಡು ತಿಂಗಳು ಬೆಂಗಳೂರಿಗೆ ಬಂದಿರುವುದಾಗಿಯೂ, ಇಲ್ಲಿರುವುದು ಸಾಧ್ಯವೇ ಇಲ್ಲವೆನಿಸಿದ ದಿನ ತಾವಾಗಿಯೇ ಹೇಳುವುದಾಗಿಯೂ ತಿಳಿಸಿದರು. ಮಗ ಒಪ್ಪಿದ.

ಇನ್ನು ಉಳಿದುದು ಎತ್ತರದ ಮರ. ವಿಟ್ಲದ ಸಂಶೋಧನಾ ಕೇಂದ್ರದವರು ತುಮಕೂರಿನ ಕಡೆಯ ಹಿರೇಹಳ್ಳಿಯ ಗಿಡ್ಡ ಅಡಿಕೆಯನ್ನು ಸುಮಂಗಲ, ಮೋಹಿತ್‌ನಗರ ಎಂಬ ತಳಿಗಳೊಡನೆ ಕೂಡಿಸಿ ಗಿಡ್ಡ ಸಂಕರ ತಳಿಗಳನ್ನು ಹೊರತಂದಿದ್ದಾರೆ. ಮಾಸ್ತರರು ಅಲ್ಲಿಗೆ ಹೋಗಿ ವಿಚಾರಿಸಿ, ಸಸಿಗೆ ಹೆಸರು ಬರೆಸಿ ಬಂದರು. ಇಡೀ ತೋಟಕ್ಕಲ್ಲ, ಮನೆಗೆ ಹತ್ತಿರದ ಎರಡು ಸಾಲಿಗೆ ಮಾತ್ರ. ಉಳಿದ ಸಾಲುಗಳ ಗೊನೆ ದೋಟಿಯವರ ಪಾಲಿಗೆ ಬಿಟ್ಟದ್ದು.

"ಅರವತ್ತೊಂದರಲ್ಲಿ ಸಸಿ ನೆಡುತ್ತಾರಂತೆ!" ಎಂದು ನಕ್ಕವರೂ ಇದ್ದರು. ಇಪ್ಪತ್ತಾರು ವರ್ಷಗಳ ಹಿಂದೆ ನಕ್ಕವರಲ್ಲಿ ಕೆಲವರು ಅವರೇ. ಮಾಸ್ತರರು ಆಗಿನಂತೆ ಈಗಲೂ ಮಾತನಾಡಲಿಲ್ಲ. ಅವರ ಲೆಕ್ಕ ಬೇರೆಯಿತ್ತು. ಸಸಿ ಫಲಕ್ಕೆ ಬರುವಾಗ ಅವರಿಗೆ ಅರವತ್ತೇಳಾಗಿರುತ್ತದೆ. ಮರ ಗಿಡ್ಡವಾಗಿರುತ್ತದೆ, ಮನುಷ್ಯನೂ ಬಾಗಿ ಗಿಡ್ಡವಾಗಿರುತ್ತಾನೆ. ಗೊನೆಯಿಳಿಸಲು ಮತ್ತೆ ಒಂದು ಕೋಲು ಸಾಕಾಗುತ್ತದೆ.

ಸಸಿಯ ಗುಂಡಿಗಳನ್ನು ಗುರುತು ಮಾಡಿದ ದಿನ ಮಾಸ್ತರರು ಹಗ್ಗ ಹಿಡಿದರು, ಹೆಂಡತಿ ಗೂಟ ಹಿಡಿದರು. ಒಂಬತ್ತು ಅಡಿಯ ಅಳತೆಯಲ್ಲಿ ಒಂದೆರಡು ಅಂಗುಲ ತಪ್ಪಿತೆಂದು ಇಬ್ಬರಿಗೂ ಸಣ್ಣದೊಂದು ಜಗಳವಾಯಿತು. ಅದು ಮುಗಿಯುವ ಹೊತ್ತಿಗೆ ಬಿಸಿಲೇರಿತ್ತು. ಇಬ್ಬರೂ ಮನೆಗೆ ಬಂದು, ಅಡುಗೆಮನೆಯಲ್ಲಿ ಹಗಲಿರುಳೂ ತೊಟ್ಟಿಗೆ ಬೀಳುತ್ತಿದ್ದ ಸುರಂಗದ ನೀರನ್ನು ಒಂದೊಂದು ಚೆಂಬು ಕುಡಿದರು. ಅದನ್ನು ಯಾರೂ ಸೇದಿ ತಂದಿರಲಿಲ್ಲ.